ಹದ ಹೇಳುವ ಕಡ್ಡಿ

ಬೀಳಗಿ ತಾಲ್ಲೂಕಿನ ಒಂದು ಮಗ್ಗುಲಲ್ಲಿ ಕೃಷ್ಣೆ, ಇನ್ನೊಂದು ಮಗ್ಗುಲಲ್ಲಿ ಘಟಪ್ರಭೆ. ಆಲಮಟ್ಟಿಯಲ್ಲಿ ಅಣೆಕಟ್ಟು ಎದ್ದ ಮೇಲೆ ಹಿನ್ನೀರು ಹಳೆಯ ಬಾಗಲಕೋಟೆಯ ಬೀದಿಗಳವರೆಗೂ ಬಂತು. ದಂಡೆಯ ಎಷ್ಟೋ ಊರುಗಳು ಮನೆಮಠ ಬಿಟ್ಟು ಎತ್ತರದ ಜಾಗಕ್ಕೆ ಸರಿದವು. ಮಳೆಗಾಲದಲ್ಲಿ ನದಿ ಏರಿದರೆ ಜಮಖಂಡಿ ಕಡೆಯ ಕೆಲವು ತೋಟದ ವಸತಿಗಳು ನಾಲ್ಕೂ ಕಡೆ ನೀರಾಗಿ ನಡುಗಡ್ಡೆಯಂತಾಗುತ್ತವೆ. 2019ರ ಆಗಸ್ಟ್ ತಿಂಗಳ ಪ್ರವಾಹ ಇಲ್ಲಿ ಇನ್ನೂ ಯಾರಿಗೂ ಮರೆತಿಲ್ಲ. ಇಷ್ಟು ನೀರಿನ ನಡುವೆ ಇರುವ ಈ ನೆಲದ ಮೇಲೆ ಬೀಳುವ ಮಳೆ ಮಾತ್ರ ವರ್ಷಕ್ಕೆ 600 ಮಿಲಿಮೀಟರಿಗೂ ಕಡಿಮೆ. ಬೆಳೆಯೋ ಕಬ್ಬು, ಅದು ಬೆಳೆದು ನಿಲ್ಲಲು 1500ರಿಂದ 2500 ಮಿಲಿಮೀಟರ್ ನೀರು ಕುಡಿಯುತ್ತದೆ. ಕೊರತೆ ಬಿದ್ದದ್ದನ್ನು ನದಿಯಿಂದ, ಕಾಲುವೆಯಿಂದ, ಕೊಳವೆಬಾವಿಯಿಂದ ಎತ್ತಿ ಹಾಯಿಸಬೇಕು.

ಹಾಗೆ ಹಾಯಿಸುವ ನೀರಿಗೆ ಅಳತೆ ಸಿಗುವುದು ಕಷ್ಟ. ಕರೆಂಟು ಬಂದಾಗ ಮೋಟಾರು ಹಾಕಿ, ಹೋದಾಗ ಬಿಡುವುದು ಹಲವರ ರೂಢಿ. ಎರೆಮಣ್ಣು ನೀರನ್ನು ಬೇಗ ಕೆಳಗಿಳಿಯಗೊಡುವುದಿಲ್ಲ. ವರ್ಷಗಟ್ಟಲೆ ಹೆಚ್ಚು ನೀರು ಕಟ್ಟಿದರೆ ನೆಲದಡಿಯ ನೀರಿನ ಮಟ್ಟ ಏರುತ್ತದೆ. ಮಣ್ಣಿನ ಸೂಕ್ಷ್ಮ ಸಂದುಗಳಲ್ಲಿ ಆ ನೀರು ಮೇಲಕ್ಕೆ ಹತ್ತುವಾಗ ಕೆಳಗಿನ ಲವಣಗಳನ್ನೂ ಹೊತ್ತು ತರುತ್ತದೆ. ಬಿಸಿಲಿಗೆ ನೀರು ಆರುತ್ತದೆ, ಲವಣ ಮೇಲೆಯೇ ಕೂರುತ್ತದೆ. ಹೊಲದ ಮೇಲೆ ಬೆಳ್ಳಗೆ ಕಾಣುವ ಈ ಉಪ್ಪಿನ ಪದರವೇ ಸವಳು. ನೀರು ಬಸಿಯದೆ ಬೇರು ಉಸಿರುಗಟ್ಟುವ ಸ್ಥಿತಿ ಜವಳು. ಕೃಷ್ಣಾ ತೀರದ ರೈತರು ಎರಡನ್ನೂ ಜೋಡಿಸಿ ಸವಳು-ಜವಳು ಎನ್ನುತ್ತಾರೆ.

‘ಇವತ್ತು ಈ ಹೊಲಕ್ಕೆ ನೀರು ಬೇಕೋ ಬೇಡವೋ?’ ಕೇಳಲು ಸಣ್ಣ ಪ್ರಶ್ನೆ. ಅದಕ್ಕೆ ಉತ್ತರ ಹೇಳುವ ಸಾಧನವೊಂದನ್ನು ಹೈಸ್ಕೂಲು ಮಕ್ಕಳು ತಮ್ಮ ಕೈಯಾರೆ ತಯಾರಿಸಬಲ್ಲರು ಎಂಬುದೇ ಈ ಬರಹದ ವಿಷಯ. ಇದಕ್ಕೆ ಬೇಕಾದ ಅಂಗಳ ಈಗ ಅನೇಕ ಶಾಲೆಗಳಲ್ಲಿದೆ. ಕೇಂದ್ರ ಸರ್ಕಾರದ ನೀತಿ ಆಯೋಗ 2016ರಲ್ಲಿ ಅಟಲ್ ಇನ್ನೋವೇಶನ್ ಮಿಷನ್ ಆರಂಭಿಸಿ, ಅದರಡಿ ಶಾಲೆಗಳಿಗೆ ಅಟಲ್ ಟಿಂಕರಿಂಗ್ ಲ್ಯಾಬ್‌ಗಳನ್ನು ಕೊಟ್ಟಿತು. ಆರರಿಂದ ಹನ್ನೆರಡನೆಯ ತರಗತಿಯ ಮಕ್ಕಳಿಗಾಗಿ ಇರುವ ಈ ಕೋಣೆಗಳಿಗೆ ತಲಾ 20 ಲಕ್ಷ ರೂಪಾಯಿವರೆಗೆ ನೆರವು. ಅರ್ಧ ಉಪಕರಣಗಳಿಗೆ, ಅರ್ಧ ಐದು ವರ್ಷಗಳ ನಿರ್ವಹಣೆಗೆ. ದೇಶದಲ್ಲಿ ಇಂಥ 10,000 ಲ್ಯಾಬ್‌ಗಳಿಗೆ ನೆರವು ಸಿಕ್ಕಿದೆ. ಸರ್ಕಾರಿ ಶಾಲೆಗಳಲ್ಲಿ ಇನ್ನೂ 50,000 ತೆರೆಯುವುದಾಗಿ 2025ರ ಬಜೆಟ್ ಹೇಳಿತು. ಲ್ಯಾಬ್ ಇಲ್ಲದ ಶಾಲೆಯ ಮಕ್ಕಳಿಗೂ ದಾರಿಯಿದೆ. ಇನ್‌ಸ್ಪೈರ್-ಮಾನಕ್ ಯೋಜನೆಯಲ್ಲಿ ವಿದ್ಯಾರ್ಥಿಯ ಹೊಸ ಯೋಚನೆ ಆಯ್ಕೆಯಾದರೆ ಮಾದರಿ ತಯಾರಿಸಲು 10,000 ರೂಪಾಯಿ ಸಿಗುತ್ತದೆ. ಮುಂದಿನ ವಿವರಣೆ ಯಾವುದೋ ಒಂದು ಶಾಲೆಯ ಸಾಧನೆಯ ವರದಿಯಲ್ಲ. ಮಣ್ಣಿನ ಹಸಿ ಅಳೆಯುವ ಕಡ್ಡಿಯೊಂದು ಶಾಲೆಯ ಮೇಜಿನ ಮೇಲೆ ಹುಟ್ಟಿ ಎರೆಹೊಲದಲ್ಲಿ ನಿಲ್ಲುವವರೆಗಿನ ಕೆಲಸದ ಕ್ರಮ.

ಮೊದಲ ಪಾಠ ರೈತನ ಅಂಗೈಯಲ್ಲಿ

ಕೆಲಸ ಹೊಲದಲ್ಲಿ ಶುರುವಾಗಬೇಕು. ಅನುಭವಿ ರೈತ ಹಸಿ ನೋಡುವ ರೀತಿಗೆ ತನ್ನದೇ ಶಾಸ್ತ್ರವಿದೆ. ಮೇಲಿನ ಒಣಪದರ ಸರಿಸಿ, ಗೇಣುದ್ದ ಅಗೆದು, ಬೇರು ಇರುವ ಆಳದ ಮಣ್ಣನ್ನು ಹಿಡಿ ತೆಗೆಯುತ್ತಾನೆ. ಮುಷ್ಟಿಯಲ್ಲಿ ಒತ್ತಿ ಉಂಡಿ ಕಟ್ಟುತ್ತಾನೆ. ಅಂಗೈಗೆ ಒದ್ದೆ ಅಂಟಿದರೆ ಹಸಿ ಸಾಕಷ್ಟಿದೆ. ಉಂಡಿ ಕಟ್ಟಿದರೂ ಅಂಗೈ ಒಣಗಿಯೇ ಇದ್ದು, ಸೊಂಟದೆತ್ತರದಿಂದ ಬಿಟ್ಟಾಗ ಒಡೆದರೆ ನೀರಿನ ದಿನ ಹತ್ತಿರ ಬಂತು. ಉಂಡಿಯೇ ಕಟ್ಟದೆ ಪುಡಿಯಾದರೆ ಬೆಳೆ ಆಗಲೇ ಬಾಯಾರಿದೆ. ‘ಉಂಡಿ ಕಟ್ಟತೈತಿ, ಇನ್ನ ನೀರ ಬ್ಯಾಡ’ ಎಂಬ ಒಂದು ಮಾತಿನ ಹಿಂದೆ ಹತ್ತಾರು ವರ್ಷ ಮಣ್ಣು ಮುಟ್ಟಿದ ಲೆಕ್ಕವಿರುತ್ತದೆ.

ಮಕ್ಕಳು ಇದನ್ನು ನೋಡಿ ಬಂದರೆ ಸಾಲದು. ರೈತ ‘ಸಾಕು’ ಎಂದ ಮಣ್ಣು, ‘ನಾಳೆ ನಾಡಿದ್ದು’ ಎಂದ ಮಣ್ಣು, ‘ಈಗಲೇ ಬೇಕು’ ಎಂದ ಮಣ್ಣು, ಮೂರನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಗಾಳಿ ಆಡದಂತೆ ಬಾಯಿ ಕಟ್ಟಿ, ಹೊಲದ ಗುರುತು, ಆಳ, ತಾರೀಖು ಬರೆದು ತರಬೇಕು. ಮುಂದೆ ಯಂತ್ರ ತೋರಿಸುವ ಅಂಕಿಗಳಿಗೆ ಅರ್ಥ ಬರುವುದು ಈ ಮೂರು ಚೀಲಗಳಿಂದ.

ನೀರನ್ನು ಗುರುತಿಸುವ ತಾಮ್ರ

ಹಸಿ ಅಳೆಯುವ ಸುಲಭದ ಉಪಾಯ ಎರಡು ಮೊಳೆ ಚುಚ್ಚಿ ಅವುಗಳ ನಡುವೆ ವಿದ್ಯುತ್ ಹರಿಸುವುದು. ಒದ್ದೆ ಮಣ್ಣಿನಲ್ಲಿ ವಿದ್ಯುತ್ ಸರಾಗವಾಗಿ ಹರಿಯುತ್ತದೆ, ಒಣಮಣ್ಣಿನಲ್ಲಿ ತಡೆಯುತ್ತದೆ. ವಿಜ್ಞಾನ ಮೇಳಗಳಲ್ಲಿ ಇಂಥ ಮಾದರಿ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಹೊಲದಲ್ಲಿ ಬಾಳಿಕೆ ಬರುವುದಿಲ್ಲ: ಹರಿಯುವ ವಿದ್ಯುತ್ತೇ ಲೋಹವನ್ನು ಕರಗಿಸುತ್ತ ಹೋಗುತ್ತದೆ, ಕೆಲವೇ ವಾರಗಳಲ್ಲಿ ಮೊಳೆ ಸವೆಯುತ್ತದೆ.

ಆದ್ದರಿಂದ ಇನ್ನೊಂದು ದಾರಿ ಹಿಡಿಯುತ್ತಾರೆ. ಅದರ ಆಧಾರ ಕೆಪಾಸಿಟರ್, ಅಂದರೆ ಒಂದಕ್ಕೊಂದು ತಾಗದ ಎರಡು ಲೋಹಪಟ್ಟಿಗಳ ನಡುವೆ ವಿದ್ಯುತ್ ಆವೇಶವನ್ನು ಹಿಡಿದಿಡುವ ಭಾಗ. ಪಟ್ಟಿಗಳ ಸುತ್ತ ಏನಿದೆ ಎಂಬುದರ ಮೇಲೆ ಅದು ಎಷ್ಟು ಹಿಡಿಯುತ್ತದೆ ಎನ್ನುವುದು ನಿಂತಿದೆ. ಹೀಗೆ ಆವೇಶ ಹಿಡಿಸುವ ಗಾಳಿಯ ಶಕ್ತಿಯನ್ನು 1 ಎಂದರೆ ಒಣಮಣ್ಣಿನದು 3ರಿಂದ 5, ನೀರಿನದು ಸುಮಾರು 80. ಅಂತರ ಇಷ್ಟು ದೊಡ್ಡದಾಗಿರುವುದರಿಂದ ಮಣ್ಣಿಗೆ ಸ್ವಲ್ಪ ನೀರು ಸೇರಿದರೂ ಬದಲಾವಣೆ ಕಾಣುತ್ತದೆ. ಸುಮಾರು ಅರ್ಧ ಗೇಣುದ್ದ, ಎರಡು ಬೆರಳಗಲದ ಹಾಳೆಯೊಂದರ ಒಳಗೆ ತಾಮ್ರದ ಪಟ್ಟಿಗಳನ್ನು ಅಡಗಿಸಿ, ಮೇಲೆ ನಿರೋಧಕ ಲೇಪ ಕೊಟ್ಟಿರುತ್ತಾರೆ. ತಾಮ್ರ ಮಣ್ಣನ್ನು ಮುಟ್ಟುವುದೇ ಇಲ್ಲ. ಹಾಗಾಗಿ ಕರಗುವುದೂ ಇಲ್ಲ. ಅಂಗಡಿಯಲ್ಲಿ ನೂರು ರೂಪಾಯಿಯ ಆಸುಪಾಸಿಗೆ ಸಿಗುವ ಸಂವೇದಕ, ಅಂದರೆ ಸೆನ್ಸರ್, ಇದು.

ಅಗ್ಗದ ಸೆನ್ಸರ್‌ನ ದೌರ್ಬಲ್ಯ ಅದರ ಅಂಚಿನಲ್ಲಿದೆ. ಮುಖಕ್ಕೆ ಲೇಪವಿದ್ದರೂ ಕತ್ತರಿಸಿದ ಅಂಚುಗಳು ತೆರೆದೇ ಇರುತ್ತವೆ. ಅಲ್ಲಿಂದ ನೀರು ಹಾಳೆಯ ಪದರಗಳೊಳಗೆ ಇಳಿದು ಸೆನ್ಸರ್ ಸುಳ್ಳು ಹೇಳತೊಡಗುತ್ತದೆ. ಇದಕ್ಕೆ ಮದ್ದು ಸರಳ. ಉಗುರಿಗೆ ಹಚ್ಚುವ ಬಣ್ಣವನ್ನು ಅಂಚಿನ ಉದ್ದಕ್ಕೂ ತೆಳುವಾಗಿ ಬಳಿದು, ಪೂರ್ತಿ ಆರಲು ಬಿಟ್ಟು, ಮತ್ತೆ ಬಳಿಯುತ್ತಾರೆ. ತುದಿಯಲ್ಲಿರುವ ಬಿಡಿಭಾಗಗಳಿಗೆ ಬಿಸಿಗೆ ಕುಗ್ಗುವ ಪ್ಲಾಸ್ಟಿಕ್ ಕೊಳವೆ ತೊಡಿಸಿ ಬಿಗಿಗೊಳಿಸುತ್ತಾರೆ. ಒಂದು ಕಡೆ ಬಳಿಯಲು ಬಿಟ್ಟುಹೋದರೂ ಮೊದಲ ನೀರಿಗೇ ಗೊತ್ತಾಗುತ್ತದೆ.

ತೂಕದ ಸಾಕ್ಷಿ

ಸೆನ್ಸರ್ ಕೊಡುವುದು ವಿದ್ಯುತ್ತಿನ ಒತ್ತಡ. ಅದನ್ನು ಸಂಖ್ಯೆಯಾಗಿಸುವುದು ಆರ್ಡುಯಿನೊ ಎಂಬ ಪುಟ್ಟ ಹಲಗೆ. ಇಟಲಿಯ ಇವ್ರೆಯಾ ಪಟ್ಟಣದಲ್ಲಿ 2005ರಲ್ಲಿ ವಿದ್ಯಾರ್ಥಿಗಳಿಗೆಂದೇ ರೂಪಿಸಿದ ಈ ಹಲಗೆಯ ನಕ್ಷೆ ಯಾರು ಬೇಕಾದರೂ ಬಳಸಲು ಮುಕ್ತವಾಗಿರುವುದರಿಂದ ಜಗತ್ತಿನ ಶಾಲೆಗಳಿಗೆಲ್ಲ ಹಬ್ಬಿತು. ಅದು ಒತ್ತಡವನ್ನು 0ಯಿಂದ 1023ರವರೆಗಿನ ಅಂಕಿಯಾಗಿ ಹೇಳುತ್ತದೆ. ಗಾಳಿಯಲ್ಲಿ ಹಿಡಿದಾಗ 600ರ ಹತ್ತಿರ, ನೀರಿನಲ್ಲಿ ಅದ್ದಿದಾಗ 300ರ ಹತ್ತಿರ ತೋರಿಸಬಹುದು. ಒಂದೇ ಪೊಟ್ಟಣದ ಎರಡು ಸೆನ್ಸರ್‌ಗಳು ಕೂಡ ಒಂದೇ ಅಂಕಿ ಹೇಳುವುದಿಲ್ಲ. ಹಾಗಾದರೆ 450 ಎಂದರೆ ಎಷ್ಟು ಹಸಿ? ಅದನ್ನು ತೂಕ ಮಾಡಿಯೇ ತಿಳಿಯಬೇಕು.

ಇಡೀ ಕೆಲಸದಲ್ಲಿ ಹೆಚ್ಚು ತಾಳ್ಮೆ ಬೇಡುವ ಘಟ್ಟ ಇದು. ಹೊಲದ ಮಣ್ಣನ್ನು ಒಣಗಿಸಿ, ಹೆಂಟೆ ಒಡೆದು, ಜರಡಿ ಹಿಡಿದು, ಸಮಪಾಲು ಮಾಡುತ್ತಾರೆ. ಒಂದೊಂದು ಪಾಲಿಗೆ ಬೇರೆ ಬೇರೆ ಅಳತೆಯ ನೀರು ಬೆರೆಸಿ, ಮುಚ್ಚಿಟ್ಟು, ರಾತ್ರಿಯಿಡೀ ಬಿಡುತ್ತಾರೆ. ಎರೆಮಣ್ಣಿನ ಕಣಕಣಕ್ಕೂ ನೀರು ಸಮನಾಗಿ ಸೇರಲು ಅಷ್ಟು ಹೊತ್ತು ಬೇಕು. ಮರುದಿನ ಡಬ್ಬಿಗಳಿಗೆ ತುಂಬುವಾಗ ಎಲ್ಲವನ್ನೂ ಒಂದೇ ಬಿಗಿಗೆ ಒತ್ತಬೇಕು; ಒಂದು ಸಡಿಲ, ಒಂದು ಗಟ್ಟಿ ಆದರೆ ಒಳಗಿನ ಗಾಳಿ ಅಳತೆ ಕೆಡಿಸುತ್ತದೆ. ಸೆನ್ಸರ್ ಊರಿ ಅಂಕಿ ಬರೆದುಕೊಂಡ ಮೇಲೆ ಅದೇ ಡಬ್ಬಿಯ ಮಣ್ಣನ್ನು ತೂಗಿ, 105 ಡಿಗ್ರಿ ಸೆಲ್ಸಿಯಸ್ ಶಾಖದ ಒಲೆಯಲ್ಲಿ 24 ಗಂಟೆ ಒಣಗಿಸಿ, ಮತ್ತೆ ತೂಗುತ್ತಾರೆ. ಹೋದ ತೂಕವೇ ನೀರು. 130 ಗ್ರಾಂ ಹಸಿಮಣ್ಣು ಒಣಗಿ 100 ಗ್ರಾಂ ಆದರೆ ತೇವಾಂಶ ಶೇ 30. ಶಾಲೆಯಲ್ಲಿ ಇಂಥ ಒಲೆ ಇರದಿದ್ದರೆ ಹತ್ತಿರದ ಮಣ್ಣು ಪರೀಕ್ಷಾ ಕೇಂದ್ರದ ನೆರವು ಪಡೆಯಬೇಕಾಗುತ್ತದೆ.

ಸೆನ್ಸರಿನ ಅಂಕಿಯನ್ನು ಒಂದು ಅಕ್ಷಕ್ಕೂ ತೇವಾಂಶವನ್ನು ಇನ್ನೊಂದಕ್ಕೂ ಹಾಕಿ ಗ್ರಾಫ್ ಕಾಗದದ ಮೇಲೆ ಚುಕ್ಕಿ ಇಟ್ಟರೆ ಬಾಗಿದ ಗೆರೆಯೊಂದು ಮೂಡುತ್ತದೆ. ರೈತನ ಹೊಲದಿಂದ ತಂದ ಮೂರು ಚೀಲಗಳ ಮಣ್ಣನ್ನೂ ಹೀಗೇ ಅಳೆದು ಅದೇ ಗೆರೆಯ ಮೇಲೆ ಗುರುತಿಸುತ್ತಾರೆ. ‘ಸಾಕು’, ‘ನಾಳೆ ನಾಡಿದ್ದು’, ‘ಈಗಲೇ ಬೇಕು’ ಎಂಬ ಮಾತುಗಳು ಯಂತ್ರದ ಅಂಕಿಯ ಪಕ್ಕ ಬಂದು ಕೂರುವುದು ಇಲ್ಲಿ. ಅಂಗೈಯ ಅನುಭವ ಎಷ್ಟು ನಿಖರ ಎಂಬುದೂ ಮಕ್ಕಳಿಗೆ ತೂಕದ ಸಾಕ್ಷಿಯೊಂದಿಗೆ ತಿಳಿಯುತ್ತದೆ.

ಸವಳು ಹತ್ತಿದ ಹೊಲಕ್ಕೆ ಇನ್ನೊಂದು ಗೆರೆಯನ್ನೇ ಎಳೆಯಬೇಕು. ಲವಣ ಕರಗಿದ ನೀರು ವಿದ್ಯುತ್ತನ್ನು ಹೆಚ್ಚು ಹರಿಸುವುದರಿಂದ ಇಂಥ ಅಗ್ಗದ ಸೆನ್ಸರ್ ಮೋಸ ಹೋಗಿ, ಇರುವುದಕ್ಕಿಂತ ಹೆಚ್ಚು ಹಸಿ ಇದೆ ಎನ್ನುತ್ತದೆ. ಯಾವ ನೆಲವನ್ನು ಕಾಯಲು ಸಾಧನ ಹುಟ್ಟಿತೋ ಅದೇ ನೆಲದಲ್ಲಿ ಅದು ತಪ್ಪುವ ಸಂಭವ ಹೆಚ್ಚು. ಬೇರೆ ಊರಿನ ಗೆರೆಯನ್ನು ತಂದು ಇಲ್ಲಿ ಅಂಟಿಸುವಂತಿಲ್ಲ ಎಂಬುದಕ್ಕೆ ಇಷ್ಟು ಕಾರಣ ಸಾಕು.

ಬೆಸುಗೆ ಮತ್ತು ಆಜ್ಞೆ

ಸರ್ಕೀಟನ್ನು ಮೊದಲು ತೂತುಗಳಿರುವ ಬ್ರೆಡ್‌ಬೋರ್ಡಿನ ಮೇಲೆ ತಂತಿ ಸಿಕ್ಕಿಸಿ ಪರೀಕ್ಷಿಸುತ್ತಾರೆ. ಎಲ್ಲ ಸರಿಯಿದ್ದರೆ ಬೆಸುಗೆ. ಸೋಲ್ಡರ್ ಬೇಗ ಕರಗುವ ಲೋಹಮಿಶ್ರಣದ ತಂತಿ. ಹೊಸಬರು ಬಿಸಿಯಾದ ಬೆಸುಗೆ ಕಡ್ಡಿಗೆ ಸೋಲ್ಡರ್ ತಾಗಿಸಿ, ಕರಗಿದ ಹನಿಯನ್ನು ತಂದು ಅಂಟಿಸಲು ನೋಡುತ್ತಾರೆ. ಹಾಗೆ ಅಂಟಿದ್ದು ನಿಲ್ಲುವುದಿಲ್ಲ. ಬೆಸುಗೆ ಕಡ್ಡಿಯಿಂದ ಹಲಗೆಯ ತಾಮ್ರವನ್ನೂ ಬಿಡಿಭಾಗದ ಕಾಲನ್ನೂ ಒಟ್ಟಿಗೆ ಒಂದೆರಡು ಸೆಕೆಂಡು ಕಾಯಿಸಿ, ಆ ಕೂಡುವ ಜಾಗಕ್ಕೇ ತಂತಿ ತಾಗಿಸಬೇಕು. ಲೋಹ ತಾನೇ ಹರಿದು ಕಾಲಿನ ಸುತ್ತ ಹಬ್ಬುತ್ತದೆ. ಒಳ್ಳೆಯ ಬೆಸುಗೆ ಪುಟ್ಟ ಗೋಪುರದ ಆಕಾರದಲ್ಲಿದ್ದು, ಪಕ್ಕಗಳು ಒಳಕ್ಕೆ ಬಾಗಿರುತ್ತವೆ. ದುಂಡಗೆ ಉಬ್ಬಿ ನಿಂತದ್ದು ಒಳಗೆ ಹಿಡಿದಿಲ್ಲ. ಕಿಟಕಿ ತೆರೆದಿಟ್ಟು, ಕನ್ನಡಕ ಹಾಕಿ, ಶಿಕ್ಷಕರ ಕಣ್ಣೆದುರಿಗೇ ಮಾಡುವ ಕೆಲಸ ಇದು.

ನಂತರ ಆಜ್ಞೆ ಬರೆಯುವುದು, ಅಂದರೆ ಪ್ರೋಗ್ರಾಮಿಂಗ್. ರಬಕವಿ-ಬನಹಟ್ಟಿಯ ನೇಕಾರರ ಮಕ್ಕಳಿಗೆ ಇದರ ಮೂಲತತ್ವ ಹೊಸದೇನಲ್ಲ. 1804ರ ಸುಮಾರಿಗೆ ಫ್ರಾನ್ಸಿನ ಜೋಸೆಫ್ ಮರಿ ಜಕಾರ್ಡ್ ರೂಪಿಸಿದ ಮಗ್ಗದಲ್ಲಿ, ರಟ್ಟಿನ ಮೇಲೆ ತೂತಿದ್ದರೆ ಹಾಸಿನ ಎಳೆ ಎತ್ತು, ಇಲ್ಲದಿದ್ದರೆ ಬಿಡು ಎಂಬ ಎರಡೇ ಮಾತಿನಿಂದ ಹೂಬಳ್ಳಿ ಮೂಡುತ್ತದೆ. ಕಂಪ್ಯೂಟರಿನ ಪೂರ್ವಜರ ಸಾಲಿನಲ್ಲಿ ಆ ರಟ್ಟುಗಳಿಗೂ ಜಾಗವಿದೆ.

ಹಸಿ ಅಳೆಯುವ ಆಜ್ಞೆಯಲ್ಲಿ ಎರಡು ಜಾಣ್ಮೆಗಳಿರಬೇಕು. ಒಂದೇ ಓದನ್ನು ನಂಬದೆ ಹನ್ನೊಂದು ಸಲ ಓದಿ, ಏರಿಕೆಯ ಕ್ರಮದಲ್ಲಿ ಜೋಡಿಸಿ, ನಡುವಿನದನ್ನು ಆರಿಸುವುದು ಒಂದು. ತಂತಿ ಅಲುಗಿ ಬಂದ ಹುಚ್ಚು ಅಂಕಿ ಹೀಗೆ ಬದಿಗೆ ಬೀಳುತ್ತದೆ. ಎರಡನೆಯದು ಗಡಿ. ‘450 ದಾಟಿದರೆ ದೀಪ ಹತ್ತು’ ಎಂದಷ್ಟೇ ಬರೆದರೆ ಅಂಕಿ 449, 451 ಎಂದು ಹೊಯ್ದಾಡುವಾಗ ದೀಪವೂ ಮಿಣುಕುತ್ತದೆ. ಅದಕ್ಕೆ ಹತ್ತಲು ಒಂದು ಗಡಿ, ಆರಲು ಇನ್ನೊಂದು ಗಡಿ ಇಟ್ಟು ನಡುವೆ ಅಂತರ ಬಿಡುತ್ತಾರೆ. ಅರ್ಧ ಗಂಟೆಗೊಮ್ಮೆ ಎದ್ದು ಅಳೆದು ಮತ್ತೆ ನಿದ್ದೆ ಹೋಗುವಂತೆ ಬರೆದರೆ ಬ್ಯಾಟರಿ ಉಳಿಯುತ್ತದೆ.

ಉತ್ತರ ಹೇಳಲು ಅಂಕಿಗಿಂತ ಬಣ್ಣದ ದೀಪ ಒಳ್ಳೆಯದು. ಆದರೆ ಹಸಿರು ದೀಪವೆಂದರೆ ಏನು? ಮಣ್ಣು ಚೆನ್ನಾಗಿದೆ, ಸುಮ್ಮನಿರು ಎಂದೇ, ಅಥವಾ ನೀರು ಬಿಡಲು ಅಡ್ಡಿಯಿಲ್ಲ ಎಂದೇ? ಎರಡೂ ಅರ್ಥ ಸಹಜ, ಎರಡೂ ತದ್ವಿರುದ್ಧ. ಬಳಸುವವರನ್ನೇ ಕೇಳಿ ತೀರ್ಮಾನಿಸಿ, ದೀಪದ ಕೆಳಗೆ ‘ನೀರು ಬೇಕು’, ‘ನೀರು ಬೇಡ’ ಎಂದು ಕನ್ನಡದಲ್ಲಿ ಬರೆದರೆ ಗೊಂದಲ ತೀರುತ್ತದೆ. ದೀಪದಿಂದ ಮುಂದಕ್ಕೆ ಹೋಗಿ ಮೋಟಾರನ್ನೇ ಚಾಲೂ ಮಾಡುವ ಆಸೆ ಮಕ್ಕಳಿಗೆ ಬರುವುದು ಸಹಜ. ಪಂಪ್‌ಸೆಟ್ಟಿನ ಮೂರು ಫೇಸಿನ ವಿದ್ಯುತ್ತು ಸುಮಾರು 415 ವೋಲ್ಟ್. ಅದನ್ನು ಮುಟ್ಟುವ ಹಕ್ಕು ಪರಿಣತ ಎಲೆಕ್ಟ್ರಿಶಿಯನ್‌ಗೆ ಮಾತ್ರ. ಶಾಲೆಯ ಕಡ್ಡಿ ಬ್ಯಾಟರಿಯ ಐದು ವೋಲ್ಟಿನ ಆಚೆ ಹೋಗಬಾರದು.

ಬಿಸಿಲು, ಬಿರುಕು, ಇಲಿ

ಹಲಗೆ, ಬ್ಯಾಟರಿಗಳನ್ನು ಕಾಯಲು ಡಬ್ಬಿಯೊಂದು ಬೇಕು. ಅದಕ್ಕೆ ಲ್ಯಾಬ್‌ನಲ್ಲಿ ತ್ರೀ-ಡಿ ಪ್ರಿಂಟರ್ ಇದೆ. ಸುಮಾರು 200 ಡಿಗ್ರಿಗೆ ಕರಗಿದ ಪ್ಲಾಸ್ಟಿಕ್ಕನ್ನು ಅದು ಜಿಲೇಬಿ ಬಿಡುವ ಹಾಗೆ ಸಣ್ಣ ಬಾಯಿಂದ ಎಳೆಯಾಗಿ ಬಿಡುತ್ತ, ಪದರದ ಮೇಲೆ ಪದರ ಕಟ್ಟುತ್ತದೆ. ಒಂದು ಪದರದ ದಪ್ಪ 0.2 ಮಿಲಿಮೀಟರ್ ಇಟ್ಟರೆ ನಾಲ್ಕು ಸೆಂಟಿಮೀಟರ್ ಎತ್ತರದ ಡಬ್ಬಿಗೆ 200 ಪದರ. ಶಾಲೆಗಳಲ್ಲಿ ಹೆಚ್ಚು ಬಳಸುವ ಪಿಎಲ್ಎ ಎಂಬ ಈ ಪ್ಲಾಸ್ಟಿಕ್ಕನ್ನು ಮೆಕ್ಕೆಜೋಳದಿಂದಲೂ ಕಬ್ಬಿನ ಸಕ್ಕರೆಯಿಂದಲೂ ತಯಾರಿಸುತ್ತಾರೆ ಎಂಬುದು ಕಬ್ಬಿನ ಸೀಮೆಯವರಿಗೆ ಸ್ವಾರಸ್ಯದ ಸಂಗತಿ. ಅದರ ಕೊರತೆಯೆಂದರೆ 60 ಡಿಗ್ರಿಯ ಹತ್ತಿರ ಮೆದುವಾಗುವುದು. ಏಪ್ರಿಲ್, ಮೇ ತಿಂಗಳ ಇಲ್ಲಿನ ಬಿಸಿಲಿಗೆ ಮುಚ್ಚಿದ ಡಬ್ಬಿ ಸೊಟ್ಟಗಾಗಬಹುದು. ಹನಿ ನೀರಾವರಿಗೆ ಬಳಸಿ ಉಳಿದ ಪಿವಿಸಿ ಪೈಪಿನ ತುಂಡು, ಎರಡು ಮುಚ್ಚಳ, ಮೇಲೆ ಬಿಳಿ ಬಣ್ಣ: ಇಷ್ಟರಲ್ಲಿ ಅಗ್ಗದ, ಗಟ್ಟಿಯಾದ ಡಬ್ಬಿ ಆಗುತ್ತದೆ. ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರು ಹುಣಸೆಬೀಜ ಬಿಡಿಸುವ ಯಂತ್ರ, ಬಿತ್ತನೆ ಕೂರಿಗೆ ಮುಂತಾದವನ್ನು ರೂಪಿಸಿ 2022ರಲ್ಲಿ ಪದ್ಮಶ್ರೀ ಪಡೆದದ್ದು ಇದೇ ಬಗೆಯ ವಿವೇಕದಿಂದ. ರೈತನ ಕೆಲಸವನ್ನು ಹತ್ತಿರದಿಂದ ನೋಡಿ, ಊರಲ್ಲೇ ರಿಪೇರಿಯಾಗುವಂಥದ್ದನ್ನು ಮಾಡುವುದು ಆ ದಾರಿ.

ಹೊಲದಲ್ಲಿ ಕಡ್ಡಿ ಊರುವುದಕ್ಕೂ ಕ್ರಮವಿದೆ. ಗಟ್ಟಿ ಎರೆಮಣ್ಣಿಗೆ ನೇರ ಒತ್ತಿದರೆ ಸೆನ್ಸರ್ ಮುರಿಯುತ್ತದೆ. ಬೇರಿರುವ 15ರಿಂದ 30 ಸೆಂಟಿಮೀಟರ್ ಆಳಕ್ಕೆ ಕಿಂಡಿ ಕೊರೆದು, ತೆಗೆದ ಮಣ್ಣನ್ನೇ ನೀರಲ್ಲಿ ಕಲಸಿ ರಾಡಿ ಮಾಡಿ ಸುರಿದು, ಅದರೊಳಗೆ ಸೆನ್ಸರ್ ಇಳಿಸುತ್ತಾರೆ. ಸುತ್ತ ಎಲ್ಲೂ ಗಾಳಿಯ ಸಂದು ಉಳಿಯಬಾರದು. ಎರೆಭೂಮಿ ಒಣಗುತ್ತ ಬಿರುಕು ಬಿಡುವಾಗ ಕಡ್ಡಿಯ ಪಕ್ಕವೇ ಸೀಳು ಬಂದರೆ ಅದು ಗಾಳಿಯನ್ನು ಅಳೆದು ‘ಪೂರ್ತಿ ಒಣಗಿದೆ’ ಎನ್ನುತ್ತದೆ. ಆದ್ದರಿಂದ ಒಂದು ಹೊಲಕ್ಕೆ ಕನಿಷ್ಠ ಎರಡು ಕಡ್ಡಿ ಇಟ್ಟು ಹೋಲಿಸುತ್ತಾರೆ. ತಂತಿಯನ್ನು ಇಲಿ ಕಡಿಯದಂತೆ ಪೈಪಿನೊಳಗೆ ತೂರಿಸಬೇಕು. ಎಡೆ ಹೊಡೆಯುವವರ ಕಣ್ಣಿಗೆ ಬೀಳುವಂತೆ ಬಣ್ಣದ ಗೂಟವನ್ನೂ ನೆಡಬೇಕು.

ಲೆಕ್ಕದ ಪುಸ್ತಕ

ಒಂದು ಕಡ್ಡಿ ಕೆಲಸ ಮಾಡಿದರೆ ಅದು ಪ್ರಯೋಗ. ಐವತ್ತು ಹೊಲಗಳಲ್ಲಿ ಕೆಲಸ ಮಾಡಬೇಕಾದರೆ ಉದ್ಯಮದ ಲೆಕ್ಕ ಬೇಕು. ಲಾಭಕ್ಕಿಂತ ಊರಿನ ಉಪಯೋಗವನ್ನು ಮುಂದಿಟ್ಟುಕೊಂಡ ಇಂಥ ಉದ್ಯಮವನ್ನು ಸಾಮಾಜಿಕ ಉದ್ಯಮ ಎನ್ನುತ್ತಾರೆ. ಬಿಡಿಭಾಗಗಳ ಖರ್ಚನ್ನು ಸಾವಿರ ರೂಪಾಯಿಯ ಆಸುಪಾಸಿಗೆ ತರಬಹುದು. ಹಾಳಾದ ಸೆನ್ಸರ್, ಬ್ಯಾಟರಿ, ಹೊಲಕ್ಕೆ ಹೋಗಿಬರುವ ಖರ್ಚು, ಪ್ರತಿ ಹೊಲದ ಮಣ್ಣನ್ನು ತೂಗುವ ದುಡಿಮೆ ಇವೆಲ್ಲ ಬೆಲೆಯಲ್ಲಿ ಸೇರಬೇಕು. ಮಾರುವುದಕ್ಕಿಂತ ಹಂಗಾಮಿಗೆ ಇಷ್ಟೆಂದು ಬಾಡಿಗೆಗೆ ಕೊಟ್ಟು, ರಿಪೇರಿಯ ಹೊಣೆಯನ್ನು ಶಾಲೆಯ ತಂಡವೇ ಹೊರುವುದು ಒಂದು ದಾರಿ. ರೈತರ ಗುಂಪು ಒಟ್ಟಾಗಿ ಕೊಂಡು ಸರದಿಯಲ್ಲಿ ಬಳಸುವುದು ಇನ್ನೊಂದು.

ಗುಂಪುಗೂಡಿ ಕೆಲಸ ಮಾಡುವುದಕ್ಕೆ ಈ ಸೀಮೆಯಲ್ಲೇ ದೊಡ್ಡ ಮೇಲ್ಪಂಕ್ತಿಯಿದೆ. ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಅಡ್ಡಲಾಗಿ 1989ರಲ್ಲಿ ರೈತರು ತಾವೇ ಹಣ ಕೂಡಿಸಿ, ತಾವೇ ಮೈಮುರಿದು ದುಡಿದು ಬ್ಯಾರೇಜ್ ಕಟ್ಟಿದರು. ಅದಕ್ಕೆ ಶ್ರಮಬಿಂದು ಸಾಗರ ಎಂಬ ಹೆಸರಾಯಿತು. ಮುಂದೆ ನಿಂತು ಕಟ್ಟಿಸಿದ ಸಿದ್ದು ನ್ಯಾಮಗೌಡರು 1991ರಲ್ಲಿ ಬಾಗಲಕೋಟೆಯಿಂದ ಲೋಕಸಭೆಗೆ ಆರಿಸಿ ಹೋದರು. ನೀರು ನಿಲ್ಲಿಸುವುದು ಆ ತಲೆಮಾರಿನ ಅಗತ್ಯವಾಗಿತ್ತು. ನಿಂತ ನೀರನ್ನು ಅಳತೆಯಿಂದ ಬಳಸುವುದು ಅವರ ಮೊಮ್ಮಕ್ಕಳ ಪಾಲಿಗೆ ಬಂದಿದೆ.

ಶಾಲೆಯ ಉದ್ಯಮಕ್ಕೆ ಬೇರೆಲ್ಲೂ ಇಲ್ಲದ ಒಂದು ತೊಡಕಿದೆ: ಕೆಲಸ ಕಲಿತವರು ಮಾರ್ಚ್ ಮುಗಿಯುತ್ತಿದ್ದಂತೆ ಶಾಲೆ ಬಿಟ್ಟು ಹೋಗುತ್ತಾರೆ. ಹೊಲದಲ್ಲಿ ಕಬ್ಬು ಇನ್ನೂ ನಿಂತಿರುತ್ತದೆ, ಕಡ್ಡಿಯೂ ಅಲ್ಲೇ ಇರುತ್ತದೆ. ಆದ್ದರಿಂದ ಈ ಕಸುಬಿನ ಕೊನೆಯ ಹಂತ ನೋಟ್‌ಬುಕ್. ಯಾವ ಹೊಲದ ಗೆರೆ ಯಾವುದು, ಯಾವ ಸೆನ್ಸರಿನ ಅಂಚಿಗೆ ಯಾವಾಗ ಬಣ್ಣ ಬಳಿದದ್ದು, ಯಾರ ಹೊಲದಲ್ಲಿ ಸವಳಿದೆ, ಯಾವ ಆಜ್ಞೆಯ ಸಾಲನ್ನು ಏಕೆ ತಿದ್ದಲಾಯಿತು, ಎಲ್ಲಿ ಸೋತಿತು, ಎಲ್ಲವನ್ನೂ ಮುಂದಿನ ವರ್ಷ ಎಂಟನೆಯ ತರಗತಿಗೆ ಬರುವವರು ಓದಿ ತಿಳಿಯುವಂತೆ ಬರೆದಿಡಬೇಕು. ಅವರು ಆ ಪುಟಗಳನ್ನು ನೋಡಿಕೊಂಡು, ಯಾರನ್ನೂ ಕೇಳದೆ, ಕೆಟ್ಟ ಕಡ್ಡಿಯೊಂದನ್ನು ರಿಪೇರಿ ಮಾಡಿ ಅದೇ ಹೊಲದಲ್ಲಿ ಮತ್ತೆ ಊರಲು ಸಾಧ್ಯವಾದರೆ ಸಾಧನ ಪೂರ್ತಿಯಾಯಿತು ಎನ್ನಬಹುದು.